ಪಂಕ್ತಿಗೆ ಜನ ಬೇಕು
ಜಪಾನಿನ ಗ್ಯೋಟೋಕುವಿನಲ್ಲಿ ನಮ್ಮ ಪಕ್ಕದ ಮನೆಯ ಚಿತ್ರಗಾರ್ತಿ ಕಾತ್ಯಾಯಿನಿಯವರ ಕಣ್ಣಿಗೆ ಬಿದ್ದವರು ಮನುಷ್ಯರಾಗಿ ಉಳಿಯುವುದಿಲ್ಲ. ಬೆನ್ನು, ಭುಜ, ಮೊಣಕಾಲುಗಳಾಗಿಬಿಡುತ್ತಾರೆ. ಎಂದಾದರೊಂದು ದಿನ ಬಣ್ಣದಲ್ಲಿ ಬರೆಯಬೇಕೆಂದಿರುವ ದೊಡ್ಡ ಪಂಕ್ತಿಭೋಜನದ ಚಿತ್ರಕ್ಕೆ ಅವರು ಪೆನ್ಸಿಲ್‌ನಲ್ಲಿ ಒಬ್ಬೊಬ್ಬರನ್ನೇ ಬರೆದು ಅಭ್ಯಾಸ ಮಾಡುತ್ತಿದ್ದಾರೆ. ನಮಸ್ಕಾರ ಎಂದರೆ "ಹಾಗೇ ಇರಿ, ಅಲುಗಾಡ್ಬೇಡಿ!" ಎನ್ನುವುದೇ ಉತ್ತರ. ಬೀದಿಯ ಕೊಂಬಿನಿ ಅಂಗಡಿಯಲ್ಲಿ ಹಾಲು ತೆಗೆಯಲು ಬಗ್ಗಿದ ಅಜ್ಜಿಯನ್ನು ಬಗ್ಗಿದಂತೆಯೇ ನಿಲ್ಲಿಸಿ, ಗೀಚಿ ಮುಗಿಸಿ, ಆಮೇಲೆ ಹತ್ತು ಸಲ ಸುಮಿಮಾಸೆನ್, ಕ್ಷಮಿಸಿ ಎಂದವರು ಅವರು. ಕೊರೋನಾ ಬಂದಾಗ ಮೈಸೂರಿಗೆ ಹೋಗಿದ್ದ ಗಂಡ ನಟರಾಜ, ಗಡಿ ಮುಚ್ಚಿದ್ದರಿಂದ ಅಲ್ಲೇ ಉಳಿದರು. ಅವರಿಗೂ ಬಿಡುಗಡೆಯಿರಲಿಲ್ಲ. "ರೀ, ಸ್ವಲ್ಪ ಹಿಂದೆ ಹೋಗಿ, ಎಲ್ಬೋ ಕಾಣ್ತಿಲ್ಲ" ಎಂದು ವಿಡಿಯೋ ಕಾಲ್‌ನಲ್ಲಿ ಕೂಗುವುದು ಗೋಡೆಯಾಚೆ ನನಗೂ ಕೇಳಿಸುತ್ತಿತ್ತು. ನೆಟ್‌ವರ್ಕ್ ಕೈಕೊಟ್ಟು ನಟರಾಜರು ಬಾಯಿ ತೆರೆದಂತೆಯೇ ನಿಂತುಬಿಟ್ಟರೆ ಇವರಿಗೆ ಹಬ್ಬ. ಅಷ್ಟರಲ್ಲಿ ಒಂದು ಕಿವಿ ಬರೆದು ಮುಗಿಸುತ್ತಿದ್ದರು. ಬರಬರುತ್ತಾ ಬೀದಿಯಲ್ಲಿ ಜನರೇ ಕಡಿಮೆಯಾದರು. ಆಗ ಕಾತ್ಯಾಯಿನಿಯವರು ಕನ್ನಡಿಯೆದುರು ಕೂತು ತಮ್ಮ ಕೈಯನ್ನೇ ಬರೆದುಕೊಂಡರು. ಎಲೆಯ ಮುಂದೆ ಕೂತ ಪಂಕ್ತಿಗೆಲ್ಲ ಒಂದೇ ಕೈ ಬಂತು. ಕೊನೆಗೆ ಒಂದು ಬೆಳಗ್ಗೆ ನನ್ನನ್ನು ಪಾರ್ಕಿನ ಬೆಂಚಿನ ಮೇಲೆ ಕೂರಿಸಿ, ಮಾಸ್ಕ್ ಹಾಕಿಕೊಂಡು, ದೂರದಿಂದಲೇ ಬರೆಯತೊಡಗಿದರು. ಭುಜ ಸರಿಯಾಗಿಲ್ಲವೆಂದು ಎದ್ದು ಬಂದು ತಿದ್ದಿದರು. ತಿದ್ದಿದ ಮೇಲೂ ಕೈ ತೆಗೆಯಲಿಲ್ಲ. "ಸರಿಯಾಯ್ತಾ?" ಎಂದು ಕೇಳಿದೆ. "ಆಗ್ಲೇ ಸರಿಯಾಯ್ತು ಕಣ್ರೀ. ಒಬ್ರನ್ನ ಮುಟ್ಟಿ ಎಷ್ಟು ತಿಂಗ್ಳಾಯ್ತೋ" ಎಂದರು. ನಾನು ಬೆಂಚಿನಲ್ಲಿ ಸ್ವಲ್ಪ ಸರಿದು ಅವರಿಗೆ ಜಾಗ ಮಾಡಿಕೊಟ್ಟೆ.