ಹೌಎವರ್‌ಗೆ ಸಿಕ್ಕ ಎರಡು ಸೌಟು

ಬೆಳಿಗ್ಗೆ ಪೀಣ್ಯದ ಕ್ಯಾಂಟೀನಿನಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬಂದದ್ದೇ ತಡ, ಮನಸ್ಸು ನಾನು ಓದಿದ ದೊಡ್ಡನೆಕ್ಕುಂದಿ ಶಾಲೆಯ ಅಡುಗೆಮನೆ ಬಾಗಿಲಿಗೆ ಓಡಿತು. ಅಲ್ಲಿ ಮೇಷ್ಟ್ರು ನಿಂತಿರುತ್ತಿದ್ದರು. ಹಿಂದಿನ ದಿನ ಕೊಟ್ಟ ಇಂಗ್ಲಿಷ್ ಪದದ ಅರ್ಥ ಹೇಳಿ, ಅದನ್ನು ವಾಕ್ಯದಲ್ಲಿ ಬಳಸಿದರೆ ಉಪ್ಪಿಟ್ಟು. ತಪ್ಪಿದವರು ಸಾಲಿನ ಕೊನೆಗೆ. ಅಷ್ಟೊತ್ತಿಗೆ ತಳದ ಸೀಕಲೇ ಗತಿ.

ಒಂದು ದಿನ ನನ್ನ ಪದ ‘ಹೌಎವರ್’. ಅರ್ಥವನ್ನು ಹಿಂದಿದ್ದ ಗೆಳೆಯ ಪಿಸುಗುಟ್ಟಿದ. ವಾಕ್ಯ ಅವನಿಗೂ ಗೊತ್ತಿರಲಿಲ್ಲ.

“ಆದರೂ ಅಂತ ಸಾರ್.”

“ವಾಕ್ಯ ಎಲ್ಲೋ?”

“ನಾನು ಓದ್ಕೊಂಡ್ ಬಂದಿಲ್ಲ ಸಾರ್. ಹೌಎವರ್, ಒಟ್ಟೆ ಅಸೀತೈತೆ.”

ಮೇಷ್ಟ್ರು ಬಿದ್ದು ಬಿದ್ದು ನಕ್ಕು, ಅಡುಗೆಯಮ್ಮನ ಕಡೆ ತಿರುಗಿದರು. “ಈ ಕಳ್ಳನಿಗೆ ಎರಡು ಸೌಟು ಹಾಕಮ್ಮ!”

ಇಡೀ ಶಾಲೆಯಲ್ಲಿ ಎರಡು ಸೌಟು ಗಿಟ್ಟಿಸಿದವನು ನಾನೊಬ್ಬನೇ ಕಣ್ರೀ.

ಈಗ ನಮ್ಮ ಬಾಡಿಗೆ ಮನೆಯಲ್ಲಿರುವ ಹುಡುಗರು ಪದಗಳ ಅರ್ಥಗಳನ್ನು ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಪಾಪ, ಆ ಫೋನು ಒಂದು ತುತ್ತನ್ನೂ ಬಡಿಸುವುದಿಲ್ಲ.