ಮಾಬೆಲೆ ಹಾಕಿದ ಶಿಲುಬೆ ಗುರುತು

ಮಾಬೆಲೆ ಸುಳ್ಳು ಹೇಳುವುದಿಲ್ಲ ಎಂಬುದು ಎಮ್ತಿನಿಯ ಎಂಬತ್ತನಾಲ್ಕು ಮನೆಗಳಿಗೂ ಗೊತ್ತಿದ್ದ ಸಂಗತಿ, ಎಂಬತ್ತನಾಲ್ಕು ಮನೆಗಳಿಗೂ ಇದ್ದ ತೊಂದರೆ ಕೂಡ. ಹೊಸ ಲಂಗ ತೊಟ್ಟು ಅವಳ ಮುಂದೆ ನಿಂತು ಹೇಗಿದೆ ಎಂದು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಆ ಲಂಗಗಳನ್ನೆಲ್ಲ ಹೊಲಿಯುತ್ತಿದ್ದವಳು ನಾನು, ಹೊಲಿಗೆ ನೊಕ್ವೇಜಿ. ಅವಳ ಪಕ್ಕದ ಅಂಗಳದಲ್ಲಿ ಇಪ್ಪತ್ತಾರು ವರ್ಷ ಬಾಳಿದ್ದೇನೆ, ಒಂದು ಸಲವೂ ಅವಳ ಬಾಯಿಂದ ಹೊಗಳಿಸಿಕೊಂಡಿಲ್ಲ.

ಅವಳ ಸ್ವಂತ ಹೆಸರು ನೊಝುಕೀಲೆ. ಆ ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಯಾರೂ ಉಳಿದಿರಲಿಲ್ಲವಾದ್ದರಿಂದ ಕುಲದ ಹೆಸರಿನಿಂದ ಎಲ್ಲರಿಗೂ ಮಾಬೆಲೆ. ಪಟ್ಟಣದ ವಸತಿ ಶಾಲೆಯಲ್ಲಿ ಇಸ್ತ್ರಿ ಕೆಲಸ. ಎರಡೂ ಮಣಿಕಟ್ಟಿನ ಮೇಲೆ ಸುಟ್ಟ ಗೆರೆಗಳು ಬಳೆಗಳ ಹಾಗೆ ಸಾಲಾಗಿದ್ದವು. ಗುರುವಾರ ಮಧ್ಯಾಹ್ನ ರಜೆ. ಏಳು ಮೈಲಿ ನಡೆದು ಬಂದು, ಮುಖ ತೊಳೆದು, ಕೆಂಪು ರವಿಕೆ, ಬಿಳಿ ಕೊರಳಪಟ್ಟಿ, ಕಪ್ಪು ಲಂಗ, ಬಿಳಿ ಟೋಪಿ ತೊಟ್ಟು, ಮೂರು ಗಂಟೆಗೆ ಮೆಥೊಡಿಸ್ಟ್ ಚರ್ಚಿನ ಹೊರಗೆ ಗಂಟೆಯ ಬದಲು ನೇತುಹಾಕಿದ್ದ ರೈಲು ಹಳಿಯ ತುಂಡನ್ನು ಬಡಿಯುತ್ತಿದ್ದಳು. ಮಹಿಳಾ ಪ್ರಾರ್ಥನಾ ಸಂಘಕ್ಕೆ ಹದಿನೆಂಟು ವರ್ಷ ಅವಳೇ ಮುಖ್ಯಸ್ಥೆ.

ಕೆಂಪು ರವಿಕೆ ಸುಮ್ಮನೆ ಸಿಗುವಂಥದ್ದಲ್ಲ. ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಕೂರಬೇಕು, ನಡತೆ ತೋರಿಸಬೇಕು. ಆಮೇಲೆ ಮುಖ್ಯಸ್ಥೆ ಪ್ರಾರ್ಥನೆ ಮಾಡಿ ಕೈಯಾರೆ ತೊಡಿಸಬೇಕು. ಬಿಯರ್ ಕುಡಿದು ತೂರಾಡಿದರೆ ರವಿಕೆ ವಾಪಸ್ಸು. ಸತ್ತರೆ ಅದರಲ್ಲೇ ಹೂಳುವುದು. ಆಂಗ್ಲಿಕನ್ನರಾದ ನಮ್ಮದು ಬಿಳಿ ಮೇಲಂಗಿ, ಕಥೋಲಿಕರದು ನೇರಳೆ, ಜಿಯೋನ್ ಸಭೆಯ ಹೆಂಗಸರದು ಹಸಿರು ಪಟ್ಟಿ, ಬರಿಗಾಲು ಮತ್ತು ಡೋಲು. ಎಲ್ಲ ಸಭೆಗಳ ಬಟ್ಟೆಯನ್ನೂ ಹೊಲಿಯುತ್ತಿದ್ದವಳು ನಾನೊಬ್ಬಳೇ. ಗುರುವಾರ ರಸ್ತೆಯಲ್ಲಿ ಕೆಂಪು ಕೆಂಪಿನ ಜೊತೆ, ನೇರಳೆ ನೇರಳೆಯ ಜೊತೆ ಹೋಗುತ್ತಿದ್ದವು. ಬಿಳಿ ಬೇಗ ಕೊಳೆಯಾಗುತ್ತದೆ, ಬಟ್ಟೆ ಮಾತ್ರವಲ್ಲ ಎಂದು ಮಾಬೆಲೆ ನನಗೆ ಚುಚ್ಚುತ್ತಿದ್ದಳು. ಕಥೋಲಿಕರು ಶಿಲುಬೆ ಗುರುತು ಹಾಕಿಕೊಂಡರೆ, ಮುಖದ ಮೇಲಿನ ನೊಣ ಓಡಿಸುತ್ತಾರೆ ಎನ್ನುತ್ತಿದ್ದಳು.

ಈ ನೊಣದ ಮಾತು ಮುಖ್ಯವಾಗಿ ಅವಳ ಬೀಗಿತ್ತಿ ಫಿಲೊಮಿನಾಳಿಗೆ ತಾಗಲೆಂದೇ ಆಡಿದ್ದು. ಮಾಬೆಲೆಯ ಒಬ್ಬನೇ ಮಗ ಲುಂಗೀಲೆ ಫಿಲೊಮಿನಾಳ ಮಗಳನ್ನು ದೂರದ ಕಥೋಲಿಕ ಮಿಷನ್ ಚರ್ಚಿನಲ್ಲಿ ಮದುವೆಯಾದ. ಮಾಬೆಲೆ ಆ ಮದುವೆಗೆ ಹೋಗಲಿಲ್ಲ. ಅಂದು ಮನೆಯಲ್ಲೇ ಉಳಿದು, ಇಸ್ತ್ರಿ ಆಗಿದ್ದ ಬಟ್ಟೆಗಳನ್ನೆಲ್ಲ ಮತ್ತೆ ಇಸ್ತ್ರಿ ಮಾಡಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಆಮೇಲೆ ಹನ್ನೊಂದು ವರ್ಷ ಬೀಗಿತ್ತಿಯರ ನಡುವೆ ಮಾತಿಲ್ಲ. ಮೊಮ್ಮಗಳು ಮಾತ್ರ ಎರಡೂ ಅಡುಗೆಮನೆಗಳಲ್ಲಿ ಉಂಡು ದುಂಡಗಾಗಿದ್ದಳು.

ಎಂಬತ್ತೈದನೆಯ ಇಸವಿಯ ಆಗಸ್ಟ್‌ನಲ್ಲಿ ನಮ್ಮ ತಲೆಯ ಮೇಲೆ ಕಲ್ಲು ಬಿತ್ತು. ಎಮ್ತಿನಿ ಬಿಳಿಯರಿಗೆಂದೇ ಅವರ ಸರ್ಕಾರ ಗುರುತಿಸಿದ ಸೀಮೆಗೆ ಸೇರಿದ್ದು, ಕರಿಯರಾದ ನಾವು ನಲವತ್ತು ಮೈಲಿ ಆಚೆಯ ಬೋಳುಗುಡ್ಡಕ್ಕೆ ಹೋಗಬೇಕು, ಲಾರಿ ಬರುತ್ತದೆ, ಹಿಂದೆಯೇ ಬುಲ್ಡೋಜರ್ ಬರುತ್ತದೆ ಎಂದು ನೋಟೀಸು. ಅಷ್ಟು ಸಾಲದೆಂದು, ಊರಿನವರೆಲ್ಲ ಖುಷಿಯಿಂದ ಒಪ್ಪಿದ್ದಾರೆ ಎಂದು ಸರ್ಕಾರ ಕೋರ್ಟಿಗೆ ಹೇಳಿತ್ತು. ಖುಷಿಯಂತೆ! ನನಗೆ ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಎಲ್ಲ ಚರ್ಚುಗಳೂ ಸೇರಿ ಮಾಡಿಕೊಂಡಿದ್ದ ಒಕ್ಕೂಟವೊಂದು ದೂರದ ನಗರದಲ್ಲಿತ್ತು. ಅವರು ನಮಗಾಗಿ ಲಿಂಡೆಲ್ವಾ ಎಂಬ ವಕೀಲೆಯನ್ನು ಗೊತ್ತುಮಾಡಿದರು. ಅವಳು ಹೇಳಿ ಕಳಿಸಿದ್ದು ಇಷ್ಟು: ಶುಕ್ರವಾರ ವಿಚಾರಣೆ, ಅಷ್ಟರಲ್ಲಿ ಒಂದೊಂದು ಮನೆಯಿಂದಲೂ ನಾವು ಒಪ್ಪಿಲ್ಲ ಎಂಬ ಪ್ರಮಾಣಪತ್ರ ಬೇಕು. ಗಂಡಸರೆಲ್ಲ ಗಣಿಗಳಲ್ಲಿದ್ದರು, ಸಹಿ ಹಾಕಬೇಕಾದವರು ಹೆಂಗಸರೇ. ಆದರೆ ಸಭೆ ಸೇರುವುದು ನಿಷೇಧ. ಕಾಗದ ಹಿಡಿದು ಮನೆಮನೆಗೆ ಹೋಗಿದ್ದ ಇಬ್ಬರು ಆಗಲೇ ಲಾಕಪ್ಪಿನಲ್ಲಿದ್ದರು. ಒಂದು ಚರ್ಚಿನವರು ತಮ್ಮದೇ ಕಟ್ಟಡದಲ್ಲಿ ವಾಡಿಕೆಯ ಪ್ರಾರ್ಥನೆಗೆ ಸೇರಬಹುದು, ಅಷ್ಟೇ ಸಡಿಲಿಕೆ. ಎಮ್ತಿನಿಯಲ್ಲಿ ಕಟ್ಟಡ ಇದ್ದದ್ದು ಮೆಥೊಡಿಸ್ಟರಿಗೆ ಮಾತ್ರ. ಆಂಗ್ಲಿಕನ್ನರೂ ಕಥೋಲಿಕರೂ ಮನೆಗಳಲ್ಲಿ ಸೇರುತ್ತಿದ್ದೆವು, ಜಿಯೋನಿನವರು ಮರದಡಿ. ಮೆಥೊಡಿಸ್ಟ್ ಮನೆಗಳು ಬರೀ ಹತ್ತೊಂಬತ್ತು.

ಮಿಕ್ಕ ಅರವತ್ತೈದು ಹೆಂಗಸರಿಗೂ ಕೆಂಪು ರವಿಕೆ ತೊಡಿಸಿ ಒಳಗೆ ಕರೆದುಕೊಂಡರಾಯಿತಲ್ಲ ಎಂದು ಹೊಳೆದದ್ದು ನನಗೆ. ಸೋಮವಾರ ಸಂಜೆ ಖುಷಿಯಿಂದ ಓಡಿಹೋಗಿ ಮಾಬೆಲೆಗೆ ಹೇಳಿದೆ. ಅವಳು ಮೆಕ್ಕೆಜೋಳದ ಗಂಜಿ ತಿರುವುತ್ತಿದ್ದವಳು ಸೌಟು ನಿಲ್ಲಿಸಿದಳು.

“ಅದು ವೇಷ ಅಲ್ಲ ನೊಕ್ವೇಜಿ. ದೇವರ ಮುಂದೆ ಸುಳ್ಳು ಬಟ್ಟೆ ಹಾಕ್ಕೊಂಡು ಕೂತು, ನಮ್ಮನ್ನ ಕಾಪಾಡು ಅಂತ ಬೇಡ್ಕೊಳ್ಳೋದಾ?”

ನಾನು ಬಾಯಿಗೆ ಬಂದದ್ದನ್ನು ಅಂದು ಹೊರಟೆ. ದಾರಿಯಲ್ಲಿ ಸಿಕ್ಕ ಫಿಲೊಮಿನಾಳ ಮುಂದೆ ಎಲ್ಲ ಕಕ್ಕಿದೆ. ಅವಳು ಶಾಲು ಬಿಗಿದುಕೊಂಡು ಮಾಬೆಲೆಯ ಬೇಲಿ ಬಾಗಿಲಿಗೆ ನಡೆದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ! ಒಳಗೆ ಕಾಲಿಡಲಿಲ್ಲ, ಅಲ್ಲೇ ನಿಂತಳು.

“ಬೀಗಿತ್ತಿ, ನಿನ್ನ ಗಂಡ, ನನ್ನ ಗಂಡ ಒಂದೇ ಸಾಲಲ್ಲಿ ಮಲಗಿದಾರೆ. ಬುಲ್ಡೋಜರ್ ಬಂದ್ರೆ, ಇದು ಮೆಥೊಡಿಸ್ಟ್ ಗುಂಡಿ, ಇದು ಕಥೋಲಿಕರ ಗುಂಡಿ ಅಂತ ಬಿಡಿಸಿ ಬಿಡಿಸಿ ಅಗೆಯುತ್ತಾ?”

ಅಷ್ಟೇ ಹೇಳಿ ಹೊರಟುಹೋದಳು. ಗಂಜಿ ತಳ ಹಿಡಿದ ವಾಸನೆ ನಮ್ಮ ಅಂಗಳದವರೆಗೂ ಬಂತು. ಗಂಜಿ ಸೀಯಿಸುವ ಪೈಕಿಯಲ್ಲ ಮಾಬೆಲೆ. ಸ್ವಲ್ಪ ಹೊತ್ತಿಗೆ ಸಂಘದ ಕಬ್ಬಿಣದ ಪೆಟ್ಟಿಗೆಯನ್ನು ಎಳೆದುಕೊಂಡು ನನ್ನ ಬಾಗಿಲಿಗೇ ಬಂದಳು. ಅದರಲ್ಲಿ ಹೊಸ ಸದಸ್ಯೆಯರಿಗೆಂದು ತೆಗೆದಿಟ್ಟಿದ್ದ ಕೆಂಪು ಬಟ್ಟೆಯ ಥಾನು ಇತ್ತು.

“ಒಂದು ಷರತ್ತು. ಒಬ್ಬೊಬ್ಬರಿಗೂ ನಾನೇ ಪ್ರಾರ್ಥನೆ ಮಾಡಿ ತೊಡಿಸ್ತೀನಿ. ಹಾಕ್ಕೊಳ್ಳೋದಾದ್ರೆ ನಿಜವಾಗ್ಲೂ ಹಾಕ್ಕೊಳ್ಳಲಿ.”

ಅಳೆದು ನೋಡಿದರೆ ಬಟ್ಟೆ ಮೂವತ್ತು ರವಿಕೆಗೂ ಸಾಲದು. ಅರವತ್ತೈದು ಎಲ್ಲಿಂದ ತರಲಿ? ತಲೆ ಕೆರೆದುಕೊಂಡೆ. ನಮ್ಮಲ್ಲಿ ಆಗಸ್ಟ್ ಎಂದರೆ ಚಳಿಗಾಲ, ಎಲ್ಲರೂ ಹೇಗೂ ಶಾಲು ಹೊದೆಯುತ್ತಾರೆ, ಹಾಗಾದರೆ ಬೆನ್ನು ಯಾಕೆ ಬೇಕು? ಮುಂಭಾಗ ಮಾತ್ರ ಹೊಲಿದೆ, ಕೊರಳಪಟ್ಟಿ ಕೂಡಿಸಿದೆ, ಹಿಂದೆ ದಾರ. ಟೋಪಿಗೆ ಹಿಟ್ಟಿನ ಚೀಲ ಬಿಚ್ಚಿದೆವು. ಮಂಗಳವಾರವೂ ಬುಧವಾರವೂ ಹೊಲಿಗೆ ಮಿಷನ್ನು ಕಾದು ಹೊಗೆ ಬರುವುದೊಂದು ಬಾಕಿ. ಅಷ್ಟು ಹುರುಪಿನಿಂದ ನನ್ನ ಮದುವೆಯ ಬಟ್ಟೆಯನ್ನೂ ನಾನು ಹೊಲಿದುಕೊಂಡಿರಲಿಲ್ಲ.

ಬುಧವಾರ ಮಾಬೆಲೆ ಕೆಲಸಕ್ಕೆ ಹೋಗಲಿಲ್ಲ. ಬರುವುದಿಲ್ಲ ಎಂದು ಮೊದಲೇ ಹೇಳಿದ್ದಳಂತೆ. ಜ್ವರವೇ ಎಂದು ಶಾಲೆಯ ಮೇಟ್ರನ್ ಕೇಳಿದ್ದಕ್ಕೆ ಇಲ್ಲ ಎಂದಳಂತೆ. ಮತ್ತೇಕೆ ಎಂದದ್ದಕ್ಕೆ, ಅದನ್ನು ಹೇಳುವುದಿಲ್ಲ ಎಂದಳಂತೆ. ನನ್ನ ಮಿಷನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಅಳತೆ ಕೊಡುವ ನೆಪದಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಂದು ವರ್ಷದ ಪರೀಕ್ಷೆಯನ್ನು ಅವಳು ಒಂದೇ ಪ್ರಶ್ನೆಗೆ ಇಳಿಸಿದ್ದಳು: ನೆರೆಯವಳ ಹೊರೆಯನ್ನು ನಿನ್ನ ಹೊರೆ ಅಂದುಕೊಳ್ಳುತ್ತೀಯಾ? ಹೂಂ ಎಂದರೆ ತಲೆ ಮುಟ್ಟಿ ಪ್ರಾರ್ಥನೆ, ಆಮೇಲೆ ರವಿಕೆ. ನನ್ನ ಸರದಿಯಲ್ಲಿ ಎರಡು ಸಲ ಹೂಂ ಎಂದೆ. ಪ್ರಾರ್ಥನೆ ಮುಗಿಸಿ ಅವಳು ಹೇಳಿದ್ದು, ನಿನ್ನ ಕೊರಳಪಟ್ಟಿ ಸೊಟ್ಟಗಿದೆ. ಕೊನೆಗೆ ಫಿಲೊಮಿನಾ ಬಂದು ಮೊಣಕಾಲೂರಿದಳು. ಹಿಂದಿನ ದಾರಕ್ಕೆ ಮಾಬೆಲೆ ತಾನೇ ಎರಡು ಗಂಟು ಹಾಕಿದಳು.

ಗುರುವಾರ ಮೂರು ಗಂಟೆಗೆ ಹಳಿ ಬಡಿಯಿತು. ರಸ್ತೆಯ ತುಂಬ ಕೆಂಪು! ಅಂಥ ನೋಟವನ್ನು ಎಮ್ತಿನಿ ಹಿಂದೆ ಕಂಡಿರಲಿಲ್ಲ. ನಡುವಿನಲ್ಲಿ ಬೆಳಿಗ್ಗೆ ಬಂದಿಳಿದ ವಕೀಲೆ ಲಿಂಡೆಲ್ವಾ, ಅವಳಿಗೂ ಮಾಬೆಲೆಯೇ ತೊಡಿಸಿದ ಕೆಂಪು. ಪ್ರಮಾಣಪತ್ರಗಳು ಅವಳ ರವಿಕೆಯೊಳಗೆ, ಮುದ್ರೆ ಮತ್ತು ಶಾಯಿಡಬ್ಬಿ ಟೋಪಿಯಲ್ಲಿ. ಚರ್ಚಿನ ಬಾಗಿಲಲ್ಲಿ ನಮ್ಮ ಜನದವನೇ ಆದ ಪೊಲೀಸ್ ಸಾರ್ಜೆಂಟ್ ಮಟೀಸೊ ನಿಂತಿದ್ದ. ಇವರೆಲ್ಲ ನಿಮ್ಮ ಸಂಘದವರೇ ಎಂದು ಮಾಬೆಲೆಯನ್ನು ಕೇಳಿದ. ಮಾಬೆಲೆ ಅವನ ಕಣ್ಣಲ್ಲಿ ಕಣ್ಣಿಟ್ಟು, ಎಲ್ಲರಿಗೂ ನಾನೇ ಕೈಯಾರೆ ರವಿಕೆ ತೊಡಿಸಿದ್ದೇನೆ ಎಂದಳು. ಆಗ ನನಗೆ ಅವಳ ಷರತ್ತು ಅರ್ಥವಾಯಿತು.

ಗುರುವಾರದ ಪ್ರಾರ್ಥನೆಗೆ ಗಂಡಸರು ಒಳಬರುವ ಪದ್ಧತಿಯಿಲ್ಲ. ಸಾರ್ಜೆಂಟನೂ ಹೊಸ್ತಿಲಲ್ಲೇ ಉಳಿದ. ನಾವು ಬೆಂಚುಗಳಿಗೆ ಮುಖವಿಟ್ಟು ಮೊಣಕಾಲೂರಿ, ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ, ತಮತಮಗೆ ತೋಚಿದಂತೆ ಪ್ರಾರ್ಥಿಸತೊಡಗಿದೆವು. ನಮ್ಮಲ್ಲಿ ಅದೇ ವಾಡಿಕೆ. ಆ ಗದ್ದಲದ ಅಡಿಯಲ್ಲಿ ಲಿಂಡೆಲ್ವಾ ಬೆಂಚುಗಳ ನಡುವೆ ಅಂಬೆಗಾಲಿಟ್ಟು ಬಂದಳು. ಪ್ರಮಾಣ ಹೇಳಿಸಿದಳು, ಸಹಿ ಅಥವಾ ಹೆಬ್ಬೆಟ್ಟು ಒತ್ತಿಸಿದಳು, ಮುಂದಿನ ಸಾಲಿಗೆ ತೆವಳಿದಳು. ಹೆಬ್ಬೆರಳನ್ನು ನಾವು ಕಪ್ಪು ಲಂಗಕ್ಕೆ ಒರೆಸಿಕೊಂಡೆವು. ಎರವಲು ಬೂಟು ಕಚ್ಚಿ ಜಿಯೋನಿನವರು ಬೂಟು ಕಳಚಿದರು, ಕಾಲಲ್ಲೇ ನೆಲಕ್ಕೆ ಡೋಲಿನ ಪೆಟ್ಟು ಹಾಕಿದರು. ನನ್ನ ಬಾಯಲ್ಲಿ ಪ್ರಾರ್ಥನೆ, ಹೊಟ್ಟೆಯಲ್ಲಿ ನಗು, ಕಣ್ಣಲ್ಲಿ ನೀರು. ಯಾರಾದರೂ ದನಿ ತಗ್ಗಿಸಿದರೆ ಮಾಬೆಲೆ ಮುಂದಿನಿಂದ ಹೊಸ ಹಾಡು ಎತ್ತುತ್ತಿದ್ದಳು. ಹೀಗೆ ಎರಡೂವರೆ ಗಂಟೆ. ಕೊನೆಗೆ ಎಂಬತ್ತನಾಲ್ಕನೆಯ ಹೆಬ್ಬೆಟ್ಟು ಬಿತ್ತು. ಕಾಗದವೆಲ್ಲ ಮತ್ತೆ ಲಿಂಡೆಲ್ವಾಳ ಎದೆ ಸೇರಿತು.

ಮಾಬೆಲೆ ಎದ್ದು ಆಶೀರ್ವಾದ ಹೇಳಿದಳು: “ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ.” ಆ ಮಾತು ಕಿವಿಗೆ ಬಿದ್ದದ್ದೇ ಎರಡನೆಯ ಸಾಲಿನಲ್ಲಿ ಫಿಲೊಮಿನಾಳ ಕೈ ತಾನಾಗಿ ಮೇಲೆದ್ದಿತು. ಹಣೆ, ಎದೆ, ಎಡ ಭುಜ, ಬಲ ಭುಜ. ಅರವತ್ತು ವರ್ಷದ ಅಭ್ಯಾಸ, ಪಾಪ, ಅವಳೇನು ಮಾಡಿಯಾಳು? ಕೈ ಇಳಿಸುವಾಗ ತಾನು ಮಾಡಿದ್ದು ಗೊತ್ತಾಗಿ ಆ ಕೈಯನ್ನು ಶಾಲಿನೊಳಗೆ ಅಡಗಿಸಿದಳು.

ಸಾರ್ಜೆಂಟ್ ಹೊಸ್ತಿಲು ದಾಟಿ ಒಳಬಂದ.

“ಅಮ್ಮ, ನಮ್ಮಮ್ಮ ನಲವತ್ತು ವರ್ಷ ಈ ಕೆಂಪು ತೊಟ್ಟಿದ್ಲು. ಇದನ್ನ ಮಾಡಿದ್ದು ನಾನು ಯಾವತ್ತೂ ನೋಡಿಲ್ಲ. ಮೆಥೊಡಿಸ್ಟರಲ್ಲಿ ಇದು ಯಾವಾಗಿಂದ?”

ಮಾಬೆಲೆ ಒಂದು ಸಲ ಫಿಲೊಮಿನಾಳನ್ನು ನೋಡಿದಳು. ಸುಳ್ಳು ಅವಳಿಗೆ ಬಾರದು, ನಿಜ ಹೇಳಿದರೆ ಊರು ಹೋಗುತ್ತದೆ. ದೇವರೇ, ಈ ಒಂದು ಸಲ ಸುಳ್ಳು ಹೇಳಿಸಪ್ಪ ಎಂದು ನಾನು ಬೇಡಿಕೊಂಡೆ. ಆ ದಿನ ಮನಸಾರೆ ಮಾಡಿದ ಪ್ರಾರ್ಥನೆ ಅದೊಂದೇ.

“ಇವತ್ತಿಂದ,” ಎಂದಳು ಮಾಬೆಲೆ.

ಎಂದವಳೇ ಕೈಯೆತ್ತಿದಳು. ಜನ್ಮದಲ್ಲಿ ಮಾಡಿದ್ದಿಲ್ಲ, ಬೆರಳು ಹೇಗೆ ಹಿಡಿಯಬೇಕೆಂದೂ ತಿಳಿಯದು. ಮುಷ್ಟಿ ಕಟ್ಟಿ, ಬಾಗಿಲು ತಟ್ಟುವಂತೆ ಹಣೆಗೊಂದು, ಎದೆಗೊಂದು ಗುದ್ದಿ, ಎಡಕ್ಕೆ ಹೋಗಬೇಕಾದ ಕೈಯನ್ನು ಮೊದಲು ಬಲ ಭುಜಕ್ಕೆ ಒಯ್ದು, ಆಮೇಲೆ ಎಡಕ್ಕೆ ತಂದಳು. ಪೂರಾ ತಿರುಗುಮುರುಗು. ನಾವು ಎಂಬತ್ತಮೂರು ಜನ, ಬಿಳಿ ಮೇಲಂಗಿಯವರು, ಹಸಿರು ಪಟ್ಟಿಯವರು, ಹುಟ್ಟಾ ಕೆಂಪಿನವರು, ಮುಷ್ಟಿ ಕಟ್ಟಿ ಅವಳು ಮಾಡಿದಂತೆಯೇ ಮಾಡಿದೆವು. ಫಿಲೊಮಿನಾ ಮತ್ತೊಮ್ಮೆ ಕೈಯೆತ್ತಿದಳು. ಅವಳೂ ಮುಷ್ಟಿ ಕಟ್ಟಿದಳು, ಬಲದಿಂದ ಎಡಕ್ಕೆ ತಂದಳು.

ಸಾರ್ಜೆಂಟ್ ಒಂದೊಂದು ಸಾಲನ್ನೂ ನೋಡುತ್ತ ಬಾಗಿಲ ಕಡೆಗೆ ನಡೆದ. ನನ್ನ ಪಕ್ಕ ನಿಂತ. ನನ್ನ ಶಾಲು ಸೊಂಟಕ್ಕೆ ಜಾರಿತ್ತು, ಬೆನ್ನ ಮೇಲೆ ರವಿಕೆಯಿಲ್ಲದೆ ದಾರ ಮಾತ್ರ ಇತ್ತು.

“ಶಾಲು ಸರಿಮಾಡ್ಕೊಳ್ಳಿ ಅಕ್ಕ, ಚಳಿ ಇದೆ,” ಎಂದು ಅವನು ಹೊರಗೆ ಹೋದ.

ಶುಕ್ರವಾರ ಮಧ್ಯಾಹ್ನ ಸುದ್ದಿ ಬಂತು. ಒಪ್ಪಿದೆ ಎಂದು ಸರ್ಕಾರ ಹೇಳಿದ ಊರಿನಲ್ಲಿ ಎಂಬತ್ತನಾಲ್ಕಕ್ಕೆ ಎಂಬತ್ತನಾಲ್ಕು ಮನೆಯೂ ಒಪ್ಪಿಲ್ಲ ಎಂದರೆ ನ್ಯಾಯಾಧೀಶರಾದರೂ ಏನು ಮಾಡುತ್ತಾರೆ, ತಡೆಯಾಜ್ಞೆ ಕೊಟ್ಟರು. ಯಾರೋ ಓಡಿಹೋಗಿ ರೈಲು ಹಳಿ ಬಡಿದರು, ಜಿಯೋನಿನವರು ಡೋಲು ತಂದರು, ನಾನು ಮುದುಕಿ ಅಂಗಳದಲ್ಲಿ ಕುಣಿದೆ. ಬುಲ್ಡೋಜರ್ ಎಮ್ತಿನಿಗೆ ಬರಲೇ ಇಲ್ಲ. ರವಿಕೆಗಳನ್ನು ವಾಪಸ್ಸು ಮಾಡಲು ಹೋದರೆ, ತೊಡಿಸಿದ್ದನ್ನು ಕಾರಣವಿಲ್ಲದೆ ಕಿತ್ತುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ ಎಂದಳು ಮಾಬೆಲೆ. ಮರುವಾರ ಅವಳ ಅಂಗಳದಲ್ಲಿ ಇಬ್ಬರು ಬೀಗಿತ್ತಿಯರು ಮೆಕ್ಕೆಜೋಳ ಬಿಡಿಸುತ್ತ ಕೂತು ಜಗಳವಾಡುತ್ತಿದ್ದರು. ಹನ್ನೊಂದು ವರ್ಷದ ಬಾಕಿ ಜಗಳ, ಬೇಗ ಮುಗಿಯುವಂಥದ್ದಲ್ಲ.

ಮಾಬೆಲೆ ಆಮೇಲೆ ಒಂಬತ್ತು ವರ್ಷ ಇದ್ದಳು. ಕೆಂಪು ರವಿಕೆಯಲ್ಲೇ, ಅದೇ ಸಾಲಿನಲ್ಲೇ, ಗಂಡನ ಪಕ್ಕದಲ್ಲೇ ಹೂಳಿದೆವು. ಕೊರಳಪಟ್ಟಿಯನ್ನು ಮೂರು ಸಲ ಬಿಚ್ಚಿ ಹೊಲಿದೆ, ಸೊಟ್ಟಗಿರಬಾರದೆಂದು. ನೇರಳೆ ಬಟ್ಟೆ ತೊಟ್ಟ ಫಿಲೊಮಿನಾ ಮೊಮ್ಮಗಳ ತೋಳು ಹಿಡಿದು ಗುಂಡಿಯ ಅಂಚಿಗೆ ಬಂದಳು. ಮುಷ್ಟಿ ಕಟ್ಟಿ, ಹಣೆ, ಎದೆ, ಬಲ ಭುಜ, ಆಮೇಲೆ ಎಡ ಭುಜ ಮುಟ್ಟಿಕೊಂಡಳು.

“ಅಜ್ಜಿ, ತಪ್ಪಾಯ್ತು, ಎಡಗಡೆ ಮೊದಲು,” ಎಂದು ಮೊಮ್ಮಗಳು ಪಿಸುಗುಟ್ಟಿದಳು.

“ಗೊತ್ತು ಕಣೇ,” ಎಂದಳು ಫಿಲೊಮಿನಾ. “ಇದು ನಿನ್ನ ಇನ್ನೊಬ್ಬ ಅಜ್ಜೀದು.”