ಬರಿ ಡಬ್ಬಿಗಳ ಮೆರವಣಿಗೆ

ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಕೊರೆಸಿದ ಹೆಸರನ್ನು ಓದುವುದು ನನಗಿರುವ ಕೆಟ್ಟ ಚಟ. ಎದುರಿಗಿದ್ದವರಿಗೆ ಮುಜುಗರವಾಗುವಷ್ಟು ಬಗ್ಗಿ ಓದುತ್ತೇನೆ. ಈ ಶನಿವಾರವೂ ಹಾಗೇ ಆಯಿತು. ಸೇಡಂ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ ರೈಲು ಹತ್ತಿದ್ದೆ. ಚಿತ್ತಾಪುರ ದಾಟಿದ ಮೇಲೆ ಎದುರು ಸೀಟಿನ ಹೆಂಗಸು ಡಬ್ಬಿ ತೆರೆದರು. ಶೇಂಗಾ ಹೋಳಿಗೆಯ ವಾಸನೆ ಬೋಗಿಯ ತುಂಬ ಹರಡಿತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ‘ಶಕುಂತಲಾ’ ಎಂದಿತ್ತು.

“ನಿಮ್ಮ ಹೆಸರು ಶಕುಂತಲಾ ಏನ್ರಿ?” ಎಂದು ಕೇಳಿಯೇಬಿಟ್ಟೆ. ನಾನಾಗಿ ಮಾತು ತೆಗೆಯುವುದು ನನ್ನ ಜಾಯಮಾನವಲ್ಲ.

“ಇಲ್ರೀ, ಡಬ್ಬಿ ಬಾಜೂ ಮನಿಯವರದು. ವಾಪಸ್ ಕೊಡಬೇಕು. ಬರಿದು ಹೆಂಗ ಕೊಡಲಿ? ಹಿಂಗ ಅಂದುಕೋತ ನನ್ನ ಕಡೇನೇ ಉಳದದ ನೋಡ್ರಿ,” ಎಂದು ನಕ್ಕು, ನನಗೂ ಅರ್ಧ ಹೋಳಿಗೆ ಮುರಿದು ಕೊಟ್ಟರು.

ನಾನು ಅವಶ್ಯಕತೆಗಿಂತ ಹೆಚ್ಚೇ ನಕ್ಕೆ. ನೀವು ನಮ್ಮ ಕಡೆಯವರಾದರೆ ಈ ಕಟ್ಟಳೆ ನಿಮಗೂ ಗೊತ್ತು. ಯಾರಾದರೂ ಡಬ್ಬಿಯಲ್ಲಿ ಏನಾದರೂ ಕಳಿಸಿದರೆ ಆ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ಎಷ್ಟು ಚಂದದ ರೂಢಿ ಎಂದು ಹೊಗಳುವವರಿದ್ದಾರೆ, ನಾನೂ ಹೊಗಳುತ್ತಿದ್ದೆ. ಆದರೆ ಈ ಚಂದದ ರೂಢಿ ಒಮ್ಮೆ ನಮ್ಮ ಮನೆಯಿಂದ ಒಂದು ಹುಡುಗಿಯನ್ನು ಹೊರಹಾಕುವುದರಲ್ಲಿತ್ತು. ಗಾಬರಿಯಾಗಬೇಡಿ. ಇದು ಗೆದ್ದ ಕಥೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಗ ನಾನು ಶಹಾಬಾದದ ನಮ್ಮ ಮನೆಯಿಂದ ದಿನಾ ಕಲಬುರಗಿಗೆ ಹೋಗಿ ಎಂ.ಎ. ಓದುತ್ತಿದ್ದವಳು. ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಯಾರ್ಡಿನಲ್ಲಿ ಕೆಲಸಕ್ಕಿದ್ದರು. ಅದೇ ಯಾರ್ಡಿನಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುತ್ತಿದ್ದವಳು ನಾಗಮ್ಮ. ಚಿಂಚೋಳಿ ಕಡೆಯವಳು, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಕಟ್ಟಿಕೊಂಡು ಕೆಲಸ ಹುಡುಕಿ ಬಂದವಳು. ನಮ್ಮ ಚರ್ಚಿಗೆ ಕ್ರಿಸ್‌ಮಸ್ ದಿನ ಬಂದು, ಹಿಂದಿನ ಚಾಪೆಯ ಮೇಲೆ ಕೂತು, ಯಾರೊಡನೆಯೂ ಮಾತಾಡದೆ ಹೋಗುತ್ತಿದ್ದಳು. ಅವಳ ಬೆನ್ನುಮೂಳೆಗೆ ಕ್ಷಯ ತಗಲಿತು. ಆಪರೇಶನ್ ಆಗಬೇಕು, ಕಲಬುರಗಿಯ ದೊಡ್ಡಾಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಬೇಕು ಎಂದರು. ಮಗಳು ಸಾವಿತ್ರಿಯನ್ನು ಇಟ್ಟುಕೊಳ್ಳುವ ಬಂಧುಗಳು ಯಾರೂ ಸಿಗಲಿಲ್ಲ. ತಾಯಿ ಗುಣವಾಗುವವರೆಗೆ ಮಗುವನ್ನು ಸಾಕುವ ಮನೆಯೊಂದು ಬೇಕೆಂದು ಮಕ್ಕಳ ಕಲ್ಯಾಣ ಸಮಿತಿಯವರು ನಮ್ಮ ಪಾಸ್ಟರ್ ಅಯ್ಯನವರನ್ನೂ ವಿಚಾರಿಸಿದರು.

ಅಯ್ಯನವರು ಆರಾಧನೆ ಮುಗಿದ ಮೇಲೆ ಕೇಳಿದರು: “ಯಾರ ಮನ್ಯಾಗ ಒಂದು ತಾಟು ಜಾಸ್ತಿ ಇಡಲಿಕ್ಕಾಗತದ?”

ಆಗ ನಮ್ಮ ಅವ್ವ ಎದ್ದು ನಿಂತಳು. ಅಪ್ಪ ಗಂಡಸರ ಸಾಲಿನಿಂದ ತಲೆಯೆತ್ತಿ, ಯಾರದೋ ಹೆಂಡತಿಯನ್ನು ನೋಡುವ ಹಾಗೆ ಅವಳನ್ನು ನೋಡಿದರು. ಆಮೇಲೆ ತಾವೂ ಎದ್ದು ನಿಂತರು.

ಸಾವಿ ಬಂದಳು. ಎಂಟರ ಹುಡುಗಿ. ಏನು ಕೇಳಿದರೂ “ಹೂಂ” ಎನ್ನುವಳು, ಅದರ ಮುಂದೆ ಒಂದಕ್ಷರವಿಲ್ಲ. ನನ್ನ ಕೋಣೆಯಲ್ಲೇ ಮಲಗುತ್ತಿದ್ದಳು. ಮಲಗುವಾಗ ಚಪ್ಪಲಿಗಳನ್ನು ದಿಂಬಿನ ಪಕ್ಕ ಜೋಡಿಸಿ ಇಟ್ಟುಕೊಳ್ಳುತ್ತಿದ್ದಳು. ಯಾವಾಗ ಹೊರಡು ಎಂದರೂ ತಯಾರಿರಬೇಕೆಂದೋ ಏನೋ. ನನ್ನ ಪುಸ್ತಕ, ನನ್ನ ಕಿಟಕಿ, ನನ್ನ ಮೌನ ಎಂದು ಬದುಕುತ್ತಿದ್ದ ನನಗೆ ಕೋಣೆಯಲ್ಲಿ ಇನ್ನೊಬ್ಬರಿರುವುದು ಕಷ್ಟವಾದೀತು ಎಂದುಕೊಂಡಿದ್ದೆ. ಆದರೆ ಅವಳು ನನಗಿಂತ ಸುಮ್ಮನಿದ್ದಳು. ಮೊದಲ ಬಾರಿಗೆ ಆ ಕೋಣೆಯಲ್ಲಿ ನಾನೇ ವಾಚಾಳಿಯಾದೆ.

ಮುಂದಿನ ಭಾನುವಾರ ಅಯ್ಯನವರು ಒಳ್ಳೆಯ ಮನಸ್ಸಿನಿಂದಲೇ ಸಾವಿಯನ್ನು ಮುಂದೆ ಕರೆದು ನಿಲ್ಲಿಸಿ ಪ್ರಾರ್ಥನೆ ಮಾಡಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾವಿ ಮನೆಗೆ ಬಂದು ಊಟ ಮಾಡಲಿಲ್ಲ. ಸಂಡೇ ಸ್ಕೂಲಿನಲ್ಲಿ ಎಲ್ಲರೆದುರು ಬಾಯಿಪಾಠ ಒಪ್ಪಿಸುವ ದಿನ ತಪ್ಪದೆ ಜ್ವರ ಬರಿಸಿಕೊಳ್ಳುತ್ತಿದ್ದ ನನಗೆ ಇದು ಅರ್ಥವಾಗದೆ ಇನ್ಯಾರಿಗೆ ಆಗಬೇಕು? ನಾನೇ ಅಯ್ಯನವರ ಮನೆಗೆ ಹೋದೆ.

“ಅಯ್ಯಾ, ಆಕಿನ್ನ ಮುಂದ ಕರಿಬ್ಯಾಡ್ರಿ. ಪ್ರಾರ್ಥನಾ ಹಿಂದಿನ ಚಾಪಿಗೂ ಮುಟ್ಟತದ.”

“ಖರೇ ಅದವ್ವಾ. ತಪ್ಪಾತು. ಇಷ್ಟು ವರ್ಷದಾಗ ನೀ ನನ್ನ ಕೂಡ ಇವತ್ತೇ ಮಾತಾಡಿದಿ ನೋಡು,” ಎಂದರು ಅಯ್ಯನವರು. ಮತ್ತೆಂದೂ ಕರೆಯಲಿಲ್ಲ.

ಆದರೆ ಅನುಕಂಪ ಒಂದು ದಾರಿ ಮುಚ್ಚಿದರೆ ಇನ್ನೊಂದರಲ್ಲಿ ನುಗ್ಗುತ್ತದೆ. ಡಬ್ಬಿಗಳು ಬರತೊಡಗಿದವು. ಪ್ರೇಮಕ್ಕನ ಮನೆಯಿಂದ ಪುಂಡಿಪಲ್ಯ, ಇನ್ನೊಬ್ಬರಿಂದ ಕಡುಬು, ಮತ್ತೊಬ್ಬರಿಂದ ಮಾದಲಿ. ಒಲೆಯ ಪಕ್ಕದ ಪರಸಿಕಲ್ಲಿನ ಕಟ್ಟೆಯ ಮೇಲೆ ಪರರ ಹೆಸರುಗಳ ಸಂತೆ ನೆರೆಯಿತು. ಕೆಲವಕ್ಕೆ ತೀರಿಕೊಂಡ ಅಜ್ಜಿಯರ ಹೆಸರಿತ್ತು. ಒಂದಕ್ಕಂತೂ ಯಾರಿಗೂ ಗೊತ್ತಿಲ್ಲದ ಹೆಸರು. ಅದು ಯಾರದೆಂದು ಪತ್ತೆಯಾಗದೆ, ಮನೆಯಿಂದ ಮನೆಗೆ ಓಣಿಯೆಲ್ಲ ಸುತ್ತಿ ತುಂಬಿಕೊಂಡೇ ವಾಪಸು ನಮ್ಮ ಮನೆಗೆ ಬಂತು. ನನ್ನ ಓದುವ ಚಟ ಹುಟ್ಟಿದ್ದು ಅಲ್ಲಿ.

ಅವ್ವ ಕಟ್ಟಳೆ ಬಿಡುವವಳಲ್ಲ. ಬಂದ ಪ್ರತಿಯೊಂದು ಡಬ್ಬಿಗೂ ಪ್ರತಿಯಾಗಿ ಏನಾದರೂ ಮಾಡಲೇಬೇಕು. ಕಡುಬಿಗೆ ಸಕ್ಕರೆ ಹಾಕಿ ಕಳಿಸಿದರೆ ಮರ್ಯಾದೆ ಹೋಗುವುದಿಲ್ಲವೇ? ಹೀಗಾಗಿ ಬೆಳಗ್ಗೆ ಎದ್ದವಳು ಹೋಳಿಗೆ ತಟ್ಟಲು ಕೂತರೆ ಮಧ್ಯಾಹ್ನವಾಗುತ್ತಿತ್ತು. ತುಂಬಿ ಹೋದ ಡಬ್ಬಿ, ಕೃತಜ್ಞತೆಯಿಂದ ಮತ್ತೆ ತುಂಬಿ ಬರುತ್ತಿತ್ತು. ಸಾವಿಯ ಶಾಲೆಯ ಅಂಗಿ ಒಗೆಯದೆ ಉಳಿಯಿತು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಾಯಿಗೆ ತೋರಿಸುವುದು ಈ ವಾರ, ಮುಂದಿನ ವಾರ ಎಂದು ತಪ್ಪುತ್ತ ಹೋಯಿತು.

ಸಮಿತಿಯ ಕಡೆಯಿಂದ ಆಗಾಗ ನೋಡಲು ಬರುವ ಮೇಡಂ ಬಂದದ್ದು ಅಂಥದೊಂದು ಮಧ್ಯಾಹ್ನ. ಅವ್ವ ಹಂಚಿನಿಂದ ಸುಟ್ಟ ಕೈಗೆ ಹಿಟ್ಟು ಮೆತ್ತಿಕೊಂಡು ಕೂತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

“ಅಮ್ಮಾ, ತ್ರಾಸ ಆಗಲಿಕತ್ತದ ಅಂದ್ರ ಹೇಳ್ರಿ, ನಾಚಿಕಿ ಇಲ್ಲ,” ಎಂದರು ಮೇಡಂ. “ಹುಡುಗಿಗೆ ಬ್ಯಾರೆ ವ್ಯವಸ್ಥಾ ಮಾಡೋಣು. ಬಾಲಕಿಯರ ಮಂದಿರದಾಗ ಜಾಗ ಅದ. ಜರಾ ದೂರ, ಬ್ಯಾರೆ ಜಿಲ್ಲಾ.”

ಅವ್ವ ಹಂಚಿನ ಮೇಲಿನ ಹೋಳಿಗೆ ತಿರುವಿ ಹಾಕಿದಳು. ಆಮೇಲೆ, “ನನ್ನ ಕೈಲಿ ಆಗವಲ್ದು ಅನಸ್ತದ್ರಿ,” ಎಂದಳು.

ಒಳಗಿನ ಕೋಣೆಯಲ್ಲಿ ಸಾವಿ ಎದ್ದು ಚಪ್ಪಲಿ ಹಾಕಿಕೊಂಡಳು. ನಾನು ನೋಡಿದೆ. ಚಪ್ಪಲಿ ಹಾಕಿಕೊಂಡು ಮಂಚದ ತುದಿಗೆ ಕೂತಳು. ಬೇರೆ ಜಿಲ್ಲೆಗೆ ಹೋದರೆ ತಾಯಿ ಎದ್ದು ಕೂರುವುದನ್ನೂ ಅವಳು ನೋಡಲಾರಳು. ಮೇಡಂ ಮುಂದಿನ ಸಲ ಬಂದಾಗ ಕಡೆಯ ಮಾತು ಹೇಳಿರಿ ಎಂದು ಹೋದರು.

ಅವರು ಗೇಟು ದಾಟುವುದಕ್ಕೂ ಎಸ್ತೇರಮ್ಮ ಆಯಿ ಡಬ್ಬಿ ಹಿಡಿದು ಒಳಬರುವುದಕ್ಕೂ ಸರಿಹೋಯಿತು. ಓಣಿಗೆಲ್ಲ ಅಜ್ಜಿಯಂತಿದ್ದ ಆಯಿ ನಮ್ಮ ಚರ್ಚಿನ ಮಹಿಳಾ ಸಮಾಜದ ಅಧ್ಯಕ್ಷೆ. ಆಕೆಯ ಬಾಯಿಗೆ ಅಯ್ಯನವರೂ ಹೆದರುತ್ತಿದ್ದರು.

“ಏ ಸುಗುಣಾ, ಯಾರದು ಲಗ್ನ? ಇಷ್ಟು ಹೋಳಿಗಿ?”

“ಲಗ್ನ ಎಲ್ಲೀದು ಆಯಿ? ಡಬ್ಬಿ ವಾಪಸ್ ಕೊಡಬೇಕಲ್ರಿ,” ಎಂದ ಅವ್ವ, ಅಷ್ಟರಲ್ಲೇ ಬಿಕ್ಕಿ ಅತ್ತು ಎಲ್ಲವನ್ನೂ ಹೇಳಿದಳು.

ಆಯಿ ಕಟ್ಟೆಯ ಮೇಲಿನ ಡಬ್ಬಿಗಳ ಸಾಲನ್ನು ನೋಡಿದರು. ತಾವು ತಂದ ಡಬ್ಬಿಯನ್ನು ನೋಡಿದರು. ಮೊದಲು ನಗು ಬಂತು, ಹಿಂದೆಯೇ ಸಿಟ್ಟು.

“ಅಂದ್ರ, ನಿನಗ ಉಣ್ಣಸಾಕತ್ತೀವಿ ಅಂತ ತಿಳಕೊಂಡು ನಾವು ನಿನ್ನನ್ನೇ ತಿನ್ನಾಕತ್ತೀವಿ!”

ಬುಧವಾರದ ಮಹಿಳಾ ಸಮಾಜದ ಕೂಟದಲ್ಲಿ ಆಯಿ ಹಾಡು ಹಾಡಿಸಲಿಲ್ಲ, ನೇರ ಮಾತಿಗೇ ಬಂದರು. “ಇವತ್ತಿಂದ ಸುಗುಣಾನ ಮನಿಂದ ಬರಿ ಡಬ್ಬಿ ಬರತಾವ. ಯಾರರ ಮಾರಿ ಮುರದ್ರ ನನ್ನ ಕಡಿ ಬರ್ರಿ.”

“ಬರಿ ಡಬ್ಬಿ ಬಂದ್ರ ಅಪಶಕುನ ಅಂತಾರಲ್ಲ ಆಯಿ?” ಎಂದರು ಪ್ರೇಮಕ್ಕ.

“ಅಪಶಕುನ ಇದ್ರ ನನ್ನ ಮನಿಗಿ ಕಳಸು. ಈ ವಯಸ್ಸಿನ್ಯಾಗ ನನಗ ಅದು ಬಂದು ಏನ್ ಕಿಸೀತದ? ಮತ್ತ ಇನ್ನೊಂದು. ಅಡಗಿ ಸಾಕು. ಕೆಲಸ ಹಂಚ್ಕೋರಿ. ಬಟ್ಟಿ ಯಾರು ಒಗಿತೀರಿ? ಹುಡುಗೀನ ದವಾಖಾನಿಗೆ ಯಾರು ಕರಕೊಂಡು ಹೋಗ್ತೀರಿ? ಸುಗುಣಾ ಮಧ್ಯಾಹ್ನ ಜರಾ ಮಲಗಬೇಕು, ಬಾಗಲದಾಗ ಯಾರು ಕುಂದ್ರತೀರಿ?”

ಇಷ್ಟು ಸರಳವಾದದ್ದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಒಂದು ಮಗುವನ್ನು ಸಾಕುವ ಮನೆಗೆ ಸಹಾಯ ಮಾಡುವುದೆಂದರೆ ಆ ಮಗುವಿನ ಬಗ್ಗೆ ಮರುಗುವುದು ಎಂದು ಇಡೀ ಸಭೆ ನಂಬಿತ್ತು. ಮಗುವನ್ನು ಅದರ ಪಾಡಿಗೆ ಬಿಟ್ಟು, ಸಾಕುವವಳ ಕೈಯಿಂದ ಪೊರಕೆ ಇಸಿದುಕೊಳ್ಳಬೇಕಿತ್ತು, ಅಷ್ಟೇ.

ಅವ್ವ ಮೊದಲ ಬರಿ ಡಬ್ಬಿ ಕೊಟ್ಟ ದಿನ ನೋಡುವಂತಿತ್ತು. ಆಯಿಯ ಡಬ್ಬಿ. ತೊಳೆದಳು, ಒರೆಸಿದಳು, ಮುಚ್ಚಿದಳು, ಮತ್ತೆ ತೆರೆದಳು. ಕೊನೆಗೆ ಕೊಟ್ಟಳು. ಆಯಿ ಗೇಟಿನಲ್ಲಿ ನಿಂತು ಡಬ್ಬಿ ಅಲ್ಲಾಡಿಸಿದರು. ಒಳಗೇನೋ ಖಟಖಟ ಎಂದಿತು. ತೆರೆದರೆ ಒಂದು ಬೆಲ್ಲದ ಚೂರು.

“ಕಳ್ಳಿ!” ಎಂದರು ಆಯಿ. ಅಲ್ಲೇ ನಿಂತಿದ್ದ ಸಾವಿಯ ಬಾಯಿಗೆ ಬೆಲ್ಲ ಹಾಕಿ, “ನಿನ್ನ ಇವತ್ತಿಂದ ಕಾವಲಿಗೆ ಇಟ್ಟೀನಿ. ಈಕಿ ಡಬ್ಬ್ಯಾಗ ಏನರ ಹಾಕಿದ್ರ ನೀನೇ ತಿಂದು ಬಿಡು,” ಎಂದರು.

ಸಾವಿ ಜೋರಾಗಿ ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳಿದ್ದು ಅದೇ ಮೊದಲು. ಅವ್ವನಿಗೆ ಆಮೇಲೆ ಬೆಲ್ಲ ಹಾಕುವ ಧೈರ್ಯ ಬರಲಿಲ್ಲ. ಬಂದಿದ್ದರೂ ಸಾವಿ ಬಿಡುತ್ತಿರಲಿಲ್ಲ.

ಮೆರವಣಿಗೆ ಶುರುವಾದದ್ದು ಹೀಗೆ. ಶಾಲೆ ಬಿಟ್ಟ ಮೇಲೆ ಸಾವಿ ಚೀಲದಲ್ಲಿ ಬರಿ ಡಬ್ಬಿಗಳನ್ನು ತುಂಬಿಕೊಂಡು, ಝಣಝಣ ಸದ್ದು ಮಾಡುತ್ತ ಮನೆಮನೆಗೆ ಹೋಗುವಳು. ಅಯ್ಯೋ ಪಾಪ ಎನ್ನಲು ಯಾರಿಗೂ ಪುರುಸೊತ್ತಿರಲಿಲ್ಲ, ತಮ್ಮ ಡಬ್ಬಿ ಹುಡುಕಿಕೊಳ್ಳುವುದೇ ಅವರಿಗೆ ದೊಡ್ಡ ಕೆಲಸ. ಒಬ್ಬರ ಮನೆಯಲ್ಲಿ ಚುರುಮುರಿ, ಇನ್ನೊಬ್ಬರ ಮನೆಯಲ್ಲಿ ಜಡೆ ಹಾಕಿಸಿಕೊಳ್ಳುವುದು. ಮರಳಿ ಬರುವಾಗ ಊರಿನ ಸುದ್ದಿಯೆಲ್ಲ ಅವಳ ಬಾಯಲ್ಲಿ. “ಪ್ರೇಮಕ್ಕನ ಸೊಸಿ ಇವತ್ತ ಪಲ್ಯ ಹೊತ್ತಿಸ್ಯಾಳ” ಎಂದು ಬಾಗಿಲಲ್ಲೇ ಕೂಗುವಳು. “ಹೂಂ” ಎನ್ನುವ ಹುಡುಗಿ ಎಲ್ಲಿ ಹೋದಳೋ! ಮನೆಯೊಳಗಿನ ನನ್ನ ಮೌನವೂ ಅವಳ ಹಿಂದೆಯೇ ಹೋಯಿತು. ಹೋದದ್ದಕ್ಕೆ ನನಗೆ ಖೇದವಿಲ್ಲ.

ಪ್ರೇಮಕ್ಕ ಮಧ್ಯಾಹ್ನ ಬಂದು, ಅವ್ವ ಮಲಗಲೆಂದು ಹೊಸ್ತಿಲ ಮೇಲೆ ಕಾವಲು ಕೂರುತ್ತಿದ್ದರು. ಮೊದಮೊದಲು ಅವ್ವ ಸಂಕೋಚಕ್ಕೆ ನಿದ್ದೆ ಬಂದಂತೆ ನಟಿಸುತ್ತಿದ್ದಳು. ಆಮೇಲೆ ನಿಜವಾಗಿಯೇ ಗೊರಕೆ ಹೊಡೆಯತೊಡಗಿದಳು. ಅಯ್ಯನವರ ಪಾಲಿಗೆ ದವಾಖಾನೆ ಬಂತು. ಸಾವಿ ಅವರ ಸ್ಕೂಟರಿನಲ್ಲಿ ವಾರ ತಪ್ಪದೆ ತಾಯಿಯ ಹತ್ತಿರ ಹೋಗಿ ಬರುತ್ತಿದ್ದಳು.

ಮೇಡಂ ಮತ್ತೆ ಬಂದರು. ಬಾಗಿಲಲ್ಲಿ ಪ್ರೇಮಕ್ಕ, ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿರುವ ಇನ್ನೊಬ್ಬರು, ಒಳಗೆ ಅವ್ವನ ಗೊರಕೆ. ಮೇಡಂ ತಬ್ಬಿಬ್ಬಾದರು. “ಇದು ಯಾರ ಮನಿ?” ಎಂದರು.

ಸಾವಿ ಓಡಿ ಬಂದು ಕುರ್ಚಿ ಎಳೆದಳು. “ನಮ್ಮದೇರಿ. ಕುಂದ್ರಿ. ಅವ್ವ ಮಲಗ್ಯಾಳ, ಸಾವಕಾಶ ಮಾತಾಡ್ರಿ.”

ಮೇಡಂ ನಿಜವಾಗಿಯೂ ದನಿ ತಗ್ಗಿಸಿದರು. ಬಾಲಕಿಯರ ಮಂದಿರದ ಮಾತು ಮತ್ತೆ ಬರಲಿಲ್ಲ. ಆ ರಾತ್ರಿ ಚಪ್ಪಲಿ ದಿಂಬಿನ ಪಕ್ಕ ಇರಲಿಲ್ಲ. ಹುಡುಕಿದೆ. ಹೊರಗೆ ಬಾಗಿಲ ಹತ್ತಿರ, ಅಪ್ಪನ ಚಪ್ಪಲಿಯ ಮೇಲೆ ಒಂದರ ಮೇಲೊಂದು ಬಿದ್ದಿದ್ದವು.

ನಾಗಮ್ಮ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು, ಅಯ್ಯನವರ ತೋಳು ಹಿಡಿದು ನಡೆದು ಬಂದ ದಿನ ನಾವೆಲ್ಲ ಓಣಿಯಲ್ಲಿ ನಿಂತಿದ್ದೆವು. ಮಗಳು ತನ್ನನ್ನು ಬಿಟ್ಟು ಈ ಮನೆಗೇ ಹೊಂದಿಕೊಂಡುಬಿಟ್ಟಳೇನೋ ಎಂಬ ಹೆದರಿಕೆ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಸಾವಿ ಓಡಿದ ರಭಸಕ್ಕೆ ಅಯ್ಯನವರು “ಏ, ಬೆನ್ನು, ಬೆನ್ನು!” ಎಂದು ಕೂಗಿದರು. ಅವ್ವ ಅತ್ತಳು. ಆ ಅಳುವಿನಲ್ಲಿ ಕಳೆದುಕೊಂಡದ್ದೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಇದೇ ದಿನಕ್ಕಾಗಿಯೇ ಅಲ್ಲವೇ ಅವಳು ಅಂದು ಎದ್ದು ನಿಂತದ್ದು? ಚರ್ಚಿನ ಹಿಂದೆ ಖಾಲಿ ಬಿದ್ದಿದ್ದ ಕೋಣೆಗೆ ಅಪ್ಪ ಮತ್ತು ಯಾರ್ಡಿನ ಗೆಳೆಯರು ಹೊಸ ಪರಸಿ ಹಾಕಿದ್ದರು. ತಾಯಿ ಮಗಳು ಅಲ್ಲಿ ಸಂಸಾರ ಹೂಡಿದರು.

ಹೋಳಿಗೆ ಮುಗಿಯುವಷ್ಟರಲ್ಲಿ ವಾಡಿ ಬಂತು. ಈ ಸಲ ಶಹಾಬಾದದವರೆಗೆ ಹೋಗದೆ ಇಲ್ಲೇ ಇಳಿದೆ. ವಾಡಿಯ ಒಂದು ಮನೆಯವರು ಅಕ್ಕ ತಮ್ಮ ಇಬ್ಬರು ಮಕ್ಕಳನ್ನು ಸಾಕಲು ಒಪ್ಪಿದ್ದಾರೆ, ಯಾರು ಜೊತೆಗಿರುತ್ತೀರಿ ಎಂದು ಕಳೆದ ಭಾನುವಾರ ಅಯ್ಯನವರು ಕೇಳಿದ್ದರು. ಮೊದಲು ಎದ್ದವಳು ನಾಗಮ್ಮ. ಅವಳ ಪಕ್ಕದಲ್ಲಿ, ಸಭೆಯೆದುರು ಎಂದೂ ನಿಲ್ಲದ ನಾನೂ ನಿಂತಿದ್ದೆ. ಜ್ವರ ಬರಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ನಾಗಮ್ಮ ಕಾಯುತ್ತಿದ್ದಳು. ಇಬ್ಬರೂ ಆ ಮನೆಗೆ ನಡೆದೆವು. ಬಾಗಿಲು ತೆರೆದ ಹೆಂಗಸಿನ ಕಣ್ಣ ಕೆಳಗೆ ನನಗೆ ಗುರುತಿರುವ ಕಪ್ಪು. ಅವಳ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತ ಇಬ್ಬರು ಮಕ್ಕಳು.

“ಬರ್ರಿ, ಚಾ ಮಾಡ್ತೀನಿ,” ಎಂದಳು.

“ಚಾ ನಾ ಮಾಡ್ತೀನ್ರಿ ಅಕ್ಕಾ. ನೀವು ಮಲ್ಕೋರಿ,” ಎಂದು ನಾಗಮ್ಮ ಸೆರಗು ಸಿಕ್ಕಿಸಿ ಒಳಗೇ ಹೋದಳು.

ಹೆಂಗಸು ಗೊಂದಲದಿಂದ ನನ್ನತ್ತ ನೋಡಿದಳು. ಆಮೇಲೆ ದನಿ ತಗ್ಗಿಸಿ, “ಬಂದಾಗಿಂದ ಇವು ಬಾಯಿ ಬಿಟ್ಟಿಲ್ರಿ. ಹೂಂ ಅನ್ನೋದು ಬಿಟ್ರ ಮಾತಿಲ್ಲ. ನಾನೇ ಏನರ ತಪ್ಪು ಮಾಡಾಕತ್ತೀನೇನು?” ಎಂದಳು.

ಒಳಗಿನಿಂದ ನಾಗಮ್ಮ ಹೇಳಿದಳು, ಪಾತ್ರೆಯ ಸದ್ದಿನ ಮೇಲೆ, ಓಣಿಗೆಲ್ಲ ಕೇಳುವಂತೆ:

“ಏನೂ ತಪ್ಪಿಲ್ರಿ. ನನ್ನ ಮಗಳೂ ಹಿಂಗೇ ಒಬ್ಬರ ಮನ್ಯಾಗ ಹೂಂ ಅಂತಿದ್ಳು. ಈಗ ದೊಡ್ಡಾಕಿ ಆಗ್ಯಾಳ, ಕಬಡ್ಡಿ ಆಡತಾಳ, ನಾ ಒಂದು ಅಂದ್ರ ಹತ್ತು ಎದುರು ಮಾತಾಡತಾಳ್ರಿ!”